ಎಂಟು ವರ್ಷಕ್ಕೆ ಎಷ್ಟು ಗೋಲು

ನನಗೆ ಫುಟ್‌ಬಾಲ್ ಬರುತ್ತಿರಲಿಲ್ಲ. ನಾನು ಖೋಖೋ ಆಡಿ ಬೆಳೆದವಳು. ಆ ಆಟದ ಸರ್ಟಿಫಿಕೇಟುಗಳ ಬಲದಿಂದಲೇ ದೈಹಿಕ ಶಿಕ್ಷಣದ ಕೋರ್ಸು ಸೇರಿ, ಕುಂದಗೋಳ ತಾಲೂಕಿನ ಒಂದು ಊರಿನ ಸರಕಾರಿ ಶಾಲೆಗೆ ಪಿ.ಟಿ. ಟೀಚರಾಗಿ ಬಂದೆ. ಊರವರು ನಮ್ಮ ಕಡೆಯ ರೂಢಿಯಂತೆ ನನ್ನನ್ನು ಅಕ್ಕೋರು ಎನ್ನುತ್ತಿದ್ದರು. ಖೋಖೋ, ಕಬಡ್ಡಿ, ಸ್ವಾತಂತ್ರ್ಯ ದಿನದ ಕವಾಯತು, ಇಷ್ಟರೊಳಗೆ ನನ್ನ ನೌಕರಿ ಸುಖವಾಗಿ ಸಾಗಿತ್ತು.

ಒಂದು ವರ್ಷ, ಧಾರವಾಡದಲ್ಲಿ ಮಕ್ಕಳ ಫುಟ್‌ಬಾಲ್ ತರಬೇತಿ ಇದೆ, ಸುತ್ತಲಿನ ಶಾಲೆಗಳಿಂದ ಒಬ್ಬರನ್ನು ಕಳಿಸಿ ಎಂಬ ಆದೇಶ ಬಂತು. ಆದೇಶ ಬಂದ ವಾರವೇ ನಮ್ಮ ಭಾಗದ ಪಿ.ಟಿ. ಮಾಸ್ತರರಿಗೆಲ್ಲ ಆರೋಗ್ಯ ಕೆಟ್ಟಿತು. ಒಬ್ಬರಿಗೆ ಮೊಣಕಾಲು, ಒಬ್ಬರಿಗೆ ಸೊಂಟ, ಇನ್ನೊಬ್ಬರಿಗೆ ತಂಗಿಯ ಮದುವೆ. ನನ್ನ ಮೊಣಕಾಲು ಗಟ್ಟಿಯಾಗಿದ್ದವು, ತಂಗಿಯ ಮದುವೆ ಆಗಿಹೋಗಿತ್ತು. ನಮ್ಮ ಹೆಡ್ ಮಾಸ್ತರರು ನನ್ನನ್ನು ಕರೆದು ಸಮಾಧಾನದ ಧ್ವನಿಯಲ್ಲಿ ಹೇಳಿದರು.

"ನೀವ ಹೋಗಿ ಬರ್ರಿ ಅಕ್ಕೋರ. ಆಟ ಯಾವುದಾದ್ರೇನು, ಸೀಟಿ ಒಂದ ಅಲ್ಲೇನು?"

ಸೀಟಿ ಒಂದೇ ಅಲ್ಲ ಎಂಬುದು ತರಬೇತಿಯ ಮೊದಲ ದಿನವೇ ಗೊತ್ತಾಯಿತು. ತರಬೇತಿ ಕೊಡಲು ಬಂದವನು ದಕ್ಷಿಣದ ಕಡೆಯ ತೆಳ್ಳನೆಯ ಹುಡುಗ. ಕೊರಳಲ್ಲಿ ಸೀಟಿಯೇ ಇರಲಿಲ್ಲ. ನಮ್ಮೆಲ್ಲರನ್ನೂ ನೆಲದ ಮೇಲೆ ಕೂರಿಸಿಕೊಂಡು, "ಆರು ವರ್ಷದ ಮಗುವಿಗೆ ಫುಟ್‌ಬಾಲಿನಲ್ಲಿ ಮೊದಲು ಏನು ಕಲಿಸ್ತೀರಿ?" ಎಂದು ಕೇಳಿದ. ಪಾಸ್ ಕೊಡುವುದು ಎಂದರು ಒಬ್ಬರು. ಶಿಸ್ತು ಎಂದರು ಇನ್ನೊಬ್ಬರು. ಸಾಲಾಗಿ ನಿಲ್ಲುವುದು ಎಂದೆ ನಾನು, ಅನುಭವದಿಂದ.

"ಏನೂ ಕಲಿಸಬೇಡಿ. ಚೆಂಡು ಕೊಟ್ಟು ಬಿಡಿ," ಎಂದ ಅವನು.

ಅವನು ಹೇಳಿದ್ದು ಸರಳವಾಗಿತ್ತು. ಪ್ರತಿ ವಯಸ್ಸಿಗೂ ಅದರದೇ ಒಂದು ಗುರಿ ಇದೆ. ಆರು ವರ್ಷಕ್ಕೆ ಮಗು ಮತ್ತು ಚೆಂಡು, ಅಷ್ಟೇ. ಎಂಟು ವರ್ಷಕ್ಕೆ ಮಗು, ಚೆಂಡು, ಮನಸ್ಸು ಬಂದರೆ ಒಬ್ಬ ಗೆಳೆಯ. ಹತ್ತಕ್ಕೆ ಮೂರು ನಾಲ್ಕು ಗೆಳೆಯರು. ಹನ್ನೆರಡು ಮುಟ್ಟಿದ ಮೇಲೆ ತಂಡ, ಜಾಗ, ಸೋಲು ಗೆಲುವು. ಎಂಟು ವರ್ಷದ ಮಗು ಚೆಂಡನ್ನು ಯಾರಿಗೂ ಕೊಡದೆ ಇಟ್ಟುಕೊಂಡರೆ ಬೈಯಬಾರದು, ಆ ವಯಸ್ಸಿನಲ್ಲಿ ಅದು ಸ್ವಾರ್ಥವಲ್ಲ, ಅಭ್ಯಾಸ. ಚಿಕ್ಕವರಿಗೆ ಚಿಕ್ಕ ಮೈದಾನ, ಚಿಕ್ಕ ಚೆಂಡು. ಯಾರು ಎಷ್ಟು ಹೊಡೆದರು ಎಂದು ದೊಡ್ಡವರು ಲೆಕ್ಕ ಇಡಬಾರದು. ಎಲ್ಲಕ್ಕಿಂತ ಕಷ್ಟದ ಮಾತು ಕೊನೆಗೆ ಬಂತು: ಗೆರೆಯ ಹೊರಗೆ ನಿಂತ ತಂದೆತಾಯಂದಿರು ಬಾಯಿ ಮುಚ್ಚಿಕೊಂಡಿರಬೇಕು.

ಎಲ್ಲ ತರಬೇತಿಗಳಲ್ಲಿ ಮಾಡುವಂತೆ ನಾವು ತಲೆಯಾಡಿಸಿದೆವು. ಆದರೆ ನನಗೆ ಮಾತ್ರ ಈ ಮಾತು ಹಿಡಿಸಿಬಿಟ್ಟಿತು. ಖೋಖೋದಲ್ಲಿ ನಾನು ಏಳಲು ಒಂದು ಕ್ಷಣ ತಡಮಾಡಿದರೆ ಮೀನಖಂಡಕ್ಕೆ ಬೆತ್ತದ ಏಟು ಬೀಳುತ್ತಿತ್ತು. ಹೊಡೆಯದೆ, ಒದರದೆ ಆಟ ಕಲಿಸಬಹುದು ಎಂದು ಒಬ್ಬ ಮನುಷ್ಯ ಗಂಭೀರವಾಗಿ ಹೇಳುವುದನ್ನು ನಾನು ಕೇಳಿದ್ದು ಅದೇ ಮೊದಲು.

ಊರಿಗೆ ಮರಳಿ ನೋಡಿದರೆ ನಮ್ಮ ಶಾಲೆ ಆ ಶಾಸ್ತ್ರಕ್ಕೆ ಹೇಳಿ ಮಾಡಿಸಿದಂತಿತ್ತು. ನಮಗೆ ಮೈದಾನವೇ ಇರಲಿಲ್ಲ. ಸುತ್ತಲಿನ ಎರೆಹೊಲಗಳಲ್ಲಿ ಆಡೋಣವೆಂದರೆ ಮಳೆಗಾಲದಲ್ಲಿ ಮಣ್ಣು ಕಾಲನ್ನು ಹಿಡಿದು ಬಿಡುವುದಿಲ್ಲ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಚೆಂಡಿನ ಜೊತೆ ಕಾಲನ್ನೂ ನುಂಗುತ್ತದೆ. ಉಳಿದದ್ದು ತರಗತಿಗಳಿಗೂ ಬಿಸಿಯೂಟದ ಕೋಣೆಗೂ ನಡುವಿನ ಗರಸು ಮಣ್ಣು ಹಾಕಿದ ಅಂಗಳ. ಸುತ್ತ ಗೋಡೆ, ನಟ್ಟನಡುವೆ ಒಂದು ಬೇವಿನ ಮರ. ಚಿಕ್ಕವರಿಗೆ ಚಿಕ್ಕ ಮೈದಾನ. ಬಡತನದಿಂದಲೇ ನಾವು ಆಧುನಿಕರಾಗಿದ್ದೆವು.

ಎರಡು ಮತ್ತು ಮೂರನೇ ಇಯತ್ತೆಯ ಮಕ್ಕಳನ್ನು ಕೂಡಿಸಿ ಚೆಂಡು ಕೊಟ್ಟೆ. ಗೋಲಿನ ಕಂಬಕ್ಕೆ ಅವರ ಚಪ್ಪಲಿಗಳೇ ಆದವು. ಆಮೇಲೆ ನಾನು ಮಾಡಿದ್ದು ಏನೂ ಇಲ್ಲ, ಅದೇ ನನಗೆ ಕಷ್ಟವಾದದ್ದು. ಮಕ್ಕಳು ಜೇನುಹುಳುಗಳ ಹಾಗೆ ಚೆಂಡಿನ ಸುತ್ತ ಮುತ್ತಿಕೊಂಡು ಇಡೀ ಅಂಗಳ ಸುತ್ತುತ್ತಿದ್ದವು.

ಆ ಗುಂಪಿನಲ್ಲಿ ಒಬ್ಬ ಹುಡುಗಿಯಿದ್ದಳು. ಅವಳ ತಾಯಿ ಮನೆಯಲ್ಲೇ ಕುಬಸ, ಚೂಡಿದಾರ ಹೊಲಿಯುವಾಕೆ. ತಂದೆ ಸಣ್ಣ ಗೂಡ್ಸ್ ಗಾಡಿ ಓಡಿಸುತ್ತ ಅಣ್ಣಿಗೇರಿ, ಹುಬ್ಬಳ್ಳಿ ಎಂದು ಕಾಳಿನ ಚೀಲ ಸಾಗಿಸುತ್ತಿದ್ದ. ಮೂಗಿನ ಮೇಲೆ ಸದಾ ಬೆವರಿನ ಹನಿ ಇರುತ್ತಿದ್ದ ಈ ಎಂಟು ವರ್ಷದ ಹುಡುಗಿಯ ಕಾಲಿಗೆ ಚೆಂಡು ಸಿಕ್ಕಿತೆಂದರೆ ಮುಗಿಯಿತು. ಯಾರಿಗೂ ಕೊಡುತ್ತಿರಲಿಲ್ಲ. ಬೇವಿನ ಮರವನ್ನು ಎದುರಾಳಿಯೆಂದು ತಿಳಿದು ಅದಕ್ಕೂ ಒಂದು ಸುತ್ತು ಹಾಕಿ ಮೋಸಗೊಳಿಸಿ ಮುಂದೆ ಹೋಗುತ್ತಿದ್ದಳು. ಒಂದು ದಿನ ಅವಳ ತಾಯಿ ಶಾಲೆಗೆ ಬಂದಳು.

"ಅಕ್ಕೋರ, ಈಕಿಗೆ ಏನ್ ಕಲಿಸೀರಿ? ಮನ್ಯಾಗ ಒಂದ ಉಳ್ಳಾಗಡ್ಡಿ ತೆಳಗ ಇಡೂಹಂಗಿಲ್ಲ. ದಾರದ ಉಂಡಿ ಸೈತ ಕಾಲಾಗ ತುಗೊಂಡ ಹೊಂಟಬಿಡ್ತಾಳ."

"ನಾ ಏನೂ ಕಲಿಸಿಲ್ರಿ," ಎಂದೆ. ಅದು ನಿಜವೇ ಆಗಿತ್ತು. ತಾಯಿ ನನ್ನನ್ನು ಅನುಮಾನದಿಂದ ನೋಡಿ ಹೋದಳು.

ನಮ್ಮ ಶಾಲೆಯ ಸಮಿತಿಗೆ ಒಬ್ಬ ಅಧ್ಯಕ್ಷರಿದ್ದರು. ಕಾಗದದ ಮೇಲೆ ಅಧ್ಯಕ್ಷನಾಗಿದ್ದವನು ಅವರ ಮಗ. ಮಗನಿಗೆ ಹುಬ್ಬಳ್ಳಿಯಲ್ಲಿ ಅಂಗಡಿ. ಹೀಗಾಗಿ ಸಭೆಗೆ ಬರುವವರು, ಮಾತಾಡುವವರು, ಚಹಾ ಕುಡಿಯುವವರು ತಂದೆ. ಊರು ಅವರನ್ನೇ ಅಧ್ಯಕ್ಷರು ಎನ್ನುತ್ತಿತ್ತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ, ತಲೆಗೆ ಬಿಳಿ ಟೋಪಿ ಇಟ್ಟುಕೊಂಡು ಹೊರಬಿದ್ದರೆ ಊರಿನ ಯಾವ ಕೆಲಸವೂ ಅವರ ಸಲಹೆಯಿಲ್ಲದೆ ಮುಂದುವರಿಯುತ್ತಿರಲಿಲ್ಲ. ಹೊಲದ ಜೊತೆಗೆ ವಿದ್ಯುತ್ ಇಲಾಖೆಯಲ್ಲಿ ಲೈನ್ ನೋಡಿಕೊಳ್ಳುವ ನೌಕರಿ ಮಾಡಿ ನಿವೃತ್ತರಾಗಿದ್ದರು. ಕಂಬಗಳು ನೆಟ್ಟಗೆ, ಸಮದೂರದಲ್ಲಿ ನಿಲ್ಲಬೇಕೆಂಬುದು ಅವರ ಜೀವನದ ತತ್ವವಾಗಿತ್ತು. ಮೊಮ್ಮಗ ಅವರ ಬಳಿಯೇ ಇದ್ದು ನಮ್ಮ ಶಾಲೆಯಲ್ಲಿ, ಆ ಹುಡುಗಿಯದೇ ಇಯತ್ತೆಯಲ್ಲಿ ಓದುತ್ತಿದ್ದ. ಟಿ.ವಿ.ಯಲ್ಲಿ ಫುಟ್‌ಬಾಲ್ ಪಂದ್ಯಗಳನ್ನು ನೋಡಿದ್ದ ಅಜ್ಜನಿಗೆ ಆಟದ ಬಗ್ಗೆ ನನಗಿಂತ ಹೆಚ್ಚು ಅಭಿಪ್ರಾಯಗಳಿದ್ದವು.

"ಇದೇನ್ರಿ ಅಕ್ಕೋರ, ಎಲ್ಲಾ ಹುಡುಗೂರು ಒಂದ ಚಂಡಿನ ಬೆನ್ನ ಹತ್ಯಾವ? ಗೋಲಿ ಯಾರು? ಬ್ಯಾಕ್ ಯಾರು?"

"ಈ ವಯಸ್ಸಿಗೆ ಬ್ಯಾಕ್ ಇರೂದಿಲ್ರಿ ಅಧ್ಯಕ್ಷರ."

"ಬ್ಯಾಕ್ ಇಲ್ಲದ ಟೀಮ್ ಎಲ್ಲರೆ ಇರತೈತೇನ್ರಿ?"

ನಾನು ತಿಳಿಸಿ ಹೇಳಲು ಹೋದೆ. ತರಬೇತಿಯ ಹುಡುಗ ಗುರಿ ಎನ್ನಲು ಮಾತುಮಾತಿಗೆ ಗೋಲ್ ಎನ್ನುತ್ತಿದ್ದ. ನನ್ನ ಬಾಯಿಗೂ ಅದೇ ಬಂತು. ಎಂಟು ವರ್ಷದ ಮಕ್ಕಳ ಗೋಲ್ ಬೇರೆ, ಹನ್ನೆರಡು ವರ್ಷದವರ ಗೋಲ್ ಬೇರೆ ಎಂದೆ.

"ಎಂಟು ವರ್ಷಕ್ಕ ಎಷ್ಟು ಗೋಲು?" ಎಂದು ಅವರು ತಕ್ಷಣ ಕೇಳಿದರು.

"ಹಂಗಲ್ರಿ. ಗೋಲ್ ಅಂದ್ರ ಗುರಿ. ಈ ವಯಸ್ಸಿಗೆ ಗೋಲ್ ಹೊಡ್ಯೂದ ಗೋಲ್ ಅಲ್ರಿ."

ಅಧ್ಯಕ್ಷರು ಟೋಪಿ ತೆಗೆದು, ತಲೆ ಒರೆಸಿಕೊಂಡು, ಮತ್ತೆ ಇಟ್ಟುಕೊಂಡರು. "ಸರಕಾರದವರು ತರಬೇತಿ ಅಂತ ಕರದು ಇದನ್ನ ಕಲಿಸಿ ಕಳಿಸ್ಯಾರೇನ್ರಿ?" ಎಂದು ಕನಿಕರದಿಂದ ಕೇಳಿದರು.

ಅದೇ ವರ್ಷ ಅಣ್ಣಿಗೇರಿ ರಸ್ತೆಯ ಕಡೆಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯವರು ಚಿಕ್ಕ ಮಕ್ಕಳ ಸ್ನೇಹದ ಪಂದ್ಯಕ್ಕೆ ಕರೆದರು. ಹುಡುಗಿಯ ತಂದೆಯ ಗಾಡಿಯಲ್ಲಿ ಮಕ್ಕಳನ್ನು ತುಂಬಿಕೊಂಡು ಹೋದೆವು. ಹಿಂದೆ ಮೋಟರ್‌ಸೈಕಲ್ಲುಗಳ ಮೇಲೆ ಊರಿನ ಹಿರಿಯರು. ಆ ಶಾಲೆಯ ಮಕ್ಕಳು ಕಿತ್ತಳೆ ಬಣ್ಣದ ಅಂಗಿ ತೊಟ್ಟು ಗೂಟ ಬಡಿದಂತೆ ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದರು. ಅವರಲ್ಲಿ ಒಬ್ಬ ಎತ್ತರದ ಹುಡುಗ. ಎಲ್ಲರೂ ಚೆಂಡನ್ನು ಅವನಿಗೆ ಕೊಡುವುದು, ಅವನು ಹೊಡೆಯುವುದು. ಅಧ್ಯಕ್ಷರ ಕಣ್ಣು ತುಂಬಿ ಬಂತು. ಸಮದೂರದ ಕಂಬಗಳನ್ನು ಅವರು ಎಷ್ಟೋ ದಿನದ ಮೇಲೆ ನೋಡುತ್ತಿದ್ದರು.

ನಮ್ಮ ಮಕ್ಕಳು ಎಂದಿನಂತೆ ಜೇನಾದವು. ನಡುವೆ ಒಮ್ಮೆ ಹುಡುಗಿಗೆ ಚೆಂಡು ಸಿಕ್ಕಿತು. ಒಬ್ಬನನ್ನು ದಾಟಿದಳು, ಇಬ್ಬರನ್ನು ದಾಟಿದಳು, ಬಿಳಿ ಗೆರೆಯನ್ನೂ ದಾಟಿದಳು. ನಮ್ಮ ಅಂಗಳಕ್ಕೆ ಗೋಡೆಯಿತ್ತೇ ಹೊರತು ಗೆರೆಯಿರಲಿಲ್ಲ. ಗೋಡೆ ಬರುವವರೆಗೆ ಆಟ ಮುಗಿಯುವುದಿಲ್ಲ ಎಂದೇ ಅವಳು ತಿಳಿದಿದ್ದಳು. ಅಲ್ಲಿ ಗೋಡೆ ದೂರವಿತ್ತು. ಅವಳು ನಿಲ್ಲಿಸಿದ್ದ ಗಾಡಿಗಳ ನಡುವೆ ನುಸುಳಿ, ನೀರಿನ ಟ್ಯಾಂಕಿಗೆ ಒಂದು ಸುತ್ತು ಹಾಕಿ, ಗೇಟಿನ ಕಡೆ ಹೊರಟಳು. ನಮ್ಮ ಮಕ್ಕಳು ಅವಳ ಹಿಂದೆ ಓಡಿದರು. ಅದನ್ನು ನೋಡಿ ಆಸೆಯಾಗಿ ಕಿತ್ತಳೆ ಅಂಗಿಯವರೂ ಗೂಟ ಕಿತ್ತುಕೊಂಡು ಓಡಿದರು. ಮೈದಾನದಲ್ಲಿ ಉಳಿದವರು ಸೀಟಿ ಊದುತ್ತಿದ್ದ ಅವರ ಕೋಚ್ ಮತ್ತು ಆ ಎತ್ತರದ ಹುಡುಗ ಮಾತ್ರ. ಆ ಹುಡುಗ ಚೆಂಡು ತನ್ನ ಬಳಿಗೇ ಬರುತ್ತದೆಂದು ಕಾಯುತ್ತಿದ್ದ.

ಒಂಬತ್ತು ಗೋಲಿನಿಂದ ಸೋತೆವು. ನಮ್ಮದು ಸೊನ್ನೆ. ನಾನು ಶಾಸ್ತ್ರದ ಪ್ರಕಾರ ಲೆಕ್ಕ ಇಟ್ಟಿರಲಿಲ್ಲ. ಆದರೆ ಗಾಡಿ ಊರು ಮುಟ್ಟುವ ಮೊದಲೇ ಲೆಕ್ಕ ಊರು ಮುಟ್ಟಿತ್ತು. ಸಂಜೆ ಗುಡಿಯ ಕಟ್ಟೆಯ ಮೇಲೆ ಕೂತವರು ನಾನು ಹಾದುಹೋಗುವಾಗ ದನಿ ತಗ್ಗಿಸಿ, ನನಗೆ ಕೇಳುವಷ್ಟು ಮಾತ್ರ ಏರಿಸಿ, ಒಂಬತ್ತರ ಬಗ್ಗೆಯೇ ಮಾತಾಡುತ್ತಿದ್ದರು. ಮಾರನೆಯ ದಿನ ಅಧ್ಯಕ್ಷರು ಹೆಡ್ ಮಾಸ್ತರರ ಕೋಣೆಗೆ ಬಂದರು.

"ಒಂದ ತಿಂಗಳ ಹುಡುಗೂರನ್ನ ನನಗ ಬಿಡ್ರಿ. ಅಗದಿ ಲೈನಿಗೆ ತರ್ತೀನಿ."

ಹೆಡ್ ಮಾಸ್ತರರು ನನ್ನ ಮುಖ ನೋಡಿದರು. ನಾನು ಗೋಡೆಯ ನಕಾಶೆ ನೋಡಿದೆ. "ಬಿಡ್ರಿ ಅಕ್ಕೋರ, ಹಿರಿಯಾರು," ಎಂದರು ಅವರು. ನಾನು ಸೀಟಿಯನ್ನು ಕೊರಳಿಂದ ತೆಗೆದು ಅಧ್ಯಕ್ಷರ ಕೈಗಿಟ್ಟೆ.

ಮರುದಿನದಿಂದ ಅಂಗಳದಲ್ಲಿ ಸುಣ್ಣದ ಗೆರೆಗಳು ಬಂದವು. ಯಾರು ಎಲ್ಲಿ ನಿಲ್ಲಬೇಕೋ ಅಲ್ಲಿ ಒಂದೊಂದು ವೃತ್ತ. ಅಧ್ಯಕ್ಷರು ಧೋತರದ ಚುಂಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡುವೆ ನಿಂತು ಭಾಷಣ ಮಾಡುತ್ತಿದ್ದರು. ಚೆಂಡು ಅವರ ಕಂಕುಳಲ್ಲಿ ಇರುತ್ತಿತ್ತು. ಮೊಮ್ಮಗನನ್ನು ಗೋಲು ಕಾಯುವ ಗೋಲಿ ಮಾಡಿ ಚಪ್ಪಲಿಗಳ ನಡುವೆ ನಿಲ್ಲಿಸಿದ್ದರು. ಅವನು ಅಲ್ಲಿಯೇ ಒಂದು ಇರುವೆಗೂಡು ಕಂಡುಹಿಡಿದು ಅದರ ಕಾವಲಿಗೆ ಕೂತ. ಹುಡುಗಿಗೆ ಬ್ಯಾಕ್ ಜಾಗ ಸಿಕ್ಕಿತು. ಅವಳು ವೃತ್ತದೊಳಗೆ ಒಂಟಿಕಾಲಲ್ಲಿ ನಿಂತು, ಕಾಲು ಬದಲಿಸಿ ನಿಂತು, ಕೊನೆಗೆ ಕೇಳಿದಳು.

"ಅಜ್ಜಾರ, ಚಂಡ ಯಾವಾಗ ಬರತೈತ್ರಿ?"

"ಬರತೈತಿ. ನಿಂದರು."

"ಬರಲಿಲ್ಲಂದ್ರ?"

"ಬರಲಿಲ್ಲಂದ್ರ ಭಾಳ ಛಲೋ. ಅಂದ್ರ ನಾವು ಗೆಲ್ಲಾಕತ್ತೀವಿ ಅಂತ ಅರ್ಥ."

ಅವಳು ಈ ಮಾತನ್ನು ತುಂಬ ಹೊತ್ತು ಯೋಚಿಸಿದಳು. ಮರುದಿನ ಬರಲಿಲ್ಲ.

ಆಮೇಲೆ ಒಬ್ಬೊಬ್ಬರೇ ಕಡಿಮೆಯಾದರು. ಒಬ್ಬನಿಗೆ ಮೊಣಕಾಲು ನೋವು, ಒಬ್ಬಳಿಗೆ ಹೊಟ್ಟೆನೋವು, ಇನ್ನೊಬ್ಬನಿಗೆ ಮನೆಯಲ್ಲಿ ಮದುವೆ. ಎಂಟು ವರ್ಷದವರು ಇಷ್ಟು ಬೇಗ ನಮ್ಮ ಇಲಾಖೆಯ ಪದ್ಧತಿ ಕಲಿತದ್ದನ್ನು ನೋಡಿ ನನಗೆ ಆಶ್ಚರ್ಯವಾಯಿತು. ಕೊನೆಗೆ ಒಂದು ಸಂಜೆ ಅಂಗಳದಲ್ಲಿ ಸುಣ್ಣದ ವೃತ್ತಗಳೂ ಅಧ್ಯಕ್ಷರೂ ಮಾತ್ರ ಉಳಿದಿದ್ದರು. ಬೇವಿನ ಮರದ ಕೆಳಗೆ ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ನಮ್ಮ ಹುಡುಗನೂ ಬರಲಿಲ್ರಿ," ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಗಾಬರಿ ಹೆಚ್ಚಿತ್ತು. "ಊಟ ಮಾಡಿ ಹೋದಾಂವ ಎಲ್ಲಿಗೆ ಹ್ವಾದ?"

ಹುಡುಕುತ್ತ ಇಬ್ಬರೂ ಹೊರಟೆವು. ಊರ ಹೊರಗೆ ಒಂದು ಕಣ, ಸುಗ್ಗಿ ಮುಗಿದು ಖಾಲಿಯಾಗಿ ಬಿದ್ದಿತ್ತು. ದೂರದಿಂದಲೇ ಗದ್ದಲ ಕೇಳಿಸಿತು. ಮೊಣಕಾಲು ನೋವಿನವರು, ಹೊಟ್ಟೆನೋವಿನವರು, ಮದುವೆಮನೆಯವರು ಎಲ್ಲರೂ ಅಲ್ಲಿದ್ದರು. ಹುಡುಗಿಯ ತಾಯಿಯ ಹೊಲಿಗೆಯ ತುಂಡುಬಟ್ಟೆಗಳನ್ನು ಸುತ್ತಿ ಮಾಡಿದ ಚೆಂಡು. ಅಧ್ಯಕ್ಷರು ನನ್ನ ತೋಳು ಹಿಡಿದು ಜೋಳದ ಕಣಕಿಯ ಬಣವೆಯ ಮರೆಗೆ ಎಳೆದರು. ಅಲ್ಲಿಂದ ಇಣುಕಿ ನೋಡತೊಡಗಿದೆವು, ಕದಿಯಲು ಬಂದವರ ಹಾಗೆ.

ಅವರ ಮೊಮ್ಮಗ ಓಡುತ್ತಿದ್ದ. ಅವನು ಹೀಗೆ ಓಡುವುದನ್ನು ನಾನು ನೋಡಿಯೇ ಇರಲಿಲ್ಲ. ಅಂಗಿಯ ಗುಂಡಿ ಬಿಚ್ಚಿ, ಮುಖ ಕೆಂಪಾಗಿ, ಯಾರಿಗೂ ಅರ್ಥವಾಗದ ಏನನ್ನೋ ಕೂಗುತ್ತ ಓಡುತ್ತಿದ್ದ. ಚೆಂಡು ಎಂದಿನಂತೆ ಹುಡುಗಿಯ ಬಳಿಯಿತ್ತು. ನಾಲ್ಕು ಮಂದಿ ಮುತ್ತಿದರು. ಎಡಕ್ಕೆ ಹೋಗಲು ನೋಡಿದಳು, ಬಲಕ್ಕೆ ನೋಡಿದಳು, ದಾರಿಯಿಲ್ಲ. ಆಗ ತಲೆಯೆತ್ತಿ, ಬದಿಯಲ್ಲಿ ಓಡುತ್ತಿದ್ದ ಅವನನ್ನು ಕಂಡು, ಬೇಸರದಿಂದಲೇ ಅನ್ನುವ ಹಾಗೆ ಚೆಂಡನ್ನು ಅವನತ್ತ ತಳ್ಳಿದಳು. ಯಾರೂ ಹೇಳಿಕೊಡದೆ ಅವಳು ಕೊಟ್ಟ ಮೊದಲ ಪಾಸು ಅದು. ಅವನು ಬೀಸಿ ಒದ್ದ. ಕಾಲು ಚೆಂಡಿಗೆ ತಾಗಲಿಲ್ಲ, ಅವನೇ ಅಂಗಾತ ಬಿದ್ದ. ಬಿದ್ದಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕ.

ಅಧ್ಯಕ್ಷರು ಸೀಟಿಯನ್ನು ತುಟಿಗಿಟ್ಟುಕೊಂಡಿದ್ದರು. ಈಗ ಊದುತ್ತಾರೆ ಎಂದು ನಾನು ಕಿವಿ ಗಟ್ಟಿ ಮಾಡಿಕೊಂಡೆ. ಅವರು ಊದಲಿಲ್ಲ. ಸೀಟಿಯನ್ನು ತೆಗೆದು, ಧೋತರದ ತುದಿಯಿಂದ ಒರೆಸಿ, ನನ್ನ ಕೈಗೆ ಕೊಟ್ಟರು. "ತುಗೋರಿ," ಎಂದರು, ಅಷ್ಟೇ. ದಾರಿಯುದ್ದಕ್ಕೂ ಆ ಬಣವೆಯನ್ನು ಒಟ್ಟಿದವರಿಗೆ ಬಣವೆ ಒಟ್ಟಲು ಬರುವುದಿಲ್ಲ ಎಂಬ ವಿಷಯವನ್ನೇ ಮಾತಾಡಿದರು.

ಇಲ್ಲಿಗೆ ನನ್ನ ಕಷ್ಟ ಮುಗಿಯಿತು ಎಂದುಕೊಂಡೆ. ನಿಜವಾದ ಕಷ್ಟ ಆಮೇಲೆ ಶುರುವಾಯಿತು, ಯಾಕೆಂದರೆ ಅಧ್ಯಕ್ಷರು ನನ್ನ ಮಾತನ್ನು ನಂಬಿಬಿಟ್ಟರು.

ಅವರು ಯಾವುದನ್ನೂ ಅರ್ಧ ನಂಬುವವರಲ್ಲ. ಮಗನಿಂದ ಮೊಬೈಲಿನಲ್ಲಿ ಮಕ್ಕಳ ತರಬೇತಿಯ ವಿಡಿಯೋ ಹಾಕಿಸಿಕೊಂಡು ನೋಡಿದರು. ಕೆಲವೇ ದಿನಗಳಲ್ಲಿ ಗೆರೆಯ ಹೊರಗಿನ ಶಾಂತಿಪಾಲನೆಯನ್ನು ತಾವೇ ವಹಿಸಿಕೊಂಡರು. ಯಾವ ತಂದೆಯಾದರೂ "ಒದೀಲೇ!" ಎಂದು ಕೂಗಿದರೆ ಅವನ ಬಾಜೂಕ್ಕೆ ಹೋಗಿ ನಿಲ್ಲುತ್ತಿದ್ದರು. "ಹುಡುಗಗ ವಿಚಾರ ಮಾಡಾಕ ಬಿಡೋ. ಅವೇನ ನಿನ್ನ ಕಾಲೇನು?" ಎಂದು ಅವನಿಗಿಂತ ಗಟ್ಟಿಯಾಗಿ ಒದರುತ್ತಿದ್ದರು. ಆದರೂ ಜನ ಸುಮ್ಮನಿರದಿದ್ದಾಗ ಮನೆಯಿಂದ ಹುರಿದ ಶೇಂಗಾ ತಂದು ಎಲ್ಲರ ಕೈಗೂ ಹಿಡಿಹಿಡಿ ಹಾಕತೊಡಗಿದರು. ಬಾಯಲ್ಲಿ ಶೇಂಗಾ ಇದ್ದರೆ ಮಾತು ಕಡಿಮೆ. ಈ ಉಪಾಯ ಯಾವ ತರಬೇತಿಯಲ್ಲೂ ನಾನು ಕೇಳಿರಲಿಲ್ಲ. ಕೆಲಸ ಮಾಡಿತು. ಆಟಕ್ಕಿಂತ ಶೇಂಗಾಕ್ಕೆ ಹೆಚ್ಚು ಮಂದಿ ಬಂದರು ಎಂಬುದೂ ನಿಜ.

ಕಟ್ಟೆಯ ಮೇಲೆ ಅಂಕೆ ಸಂಖ್ಯೆಯ ಮಾತು ನಿಷಿದ್ಧವಾಯಿತು. ಯಾರಾದರೂ "ಇವತ್ತ ಎಷ್ಟಾದ್ವು?" ಎಂದು ಕೇಳಿದರೆ ಅಧ್ಯಕ್ಷರು ಬೇಸರದಿಂದ ಕಣ್ಣು ಮುಚ್ಚುತ್ತಿದ್ದರು. "ಎಂಟು ವರ್ಷಕ್ಕ ಗೋಲ್ ಹೊಡ್ಯೂದ ಗೋಲ್ ಅಲ್ಲೋ ತಮ್ಮಾ," ಎನ್ನುತ್ತಿದ್ದರು. ಯರಗುಪ್ಪಿಯಿಂದ ಬಂದ ಬೀಗರಿಗೂ ಇದನ್ನು ವಿವರಿಸಿದರಂತೆ. ಬೀಗರು ಊಟ ಮಾಡಿ ಬೇಗ ಹೊರಟುಹೋದರಂತೆ.

ವರ್ಷಗಳು ಕಳೆದವು. ಮಕ್ಕಳು ದೊಡ್ಡವರಾದರು, ಏಳನೇ ಇಯತ್ತೆಗೆ ಬಂದರು. ತರಬೇತಿಯ ಹುಡುಗ ಹೇಳಿದ್ದ ಹನ್ನೆರಡರ ವಯಸ್ಸು. ಈಗ ಅವರಿಗೆ ಜಾಗ ಹಿಡಿಯುವುದು, ಚೆಂಡು ಹಂಚಿಕೊಳ್ಳುವುದು, ಗೆಲ್ಲಲು ಆಡುವುದು ಬೇಕಿತ್ತು. ಅವರಿಗೇ ಅದು ಬೇಕಾಗಿತ್ತು. "ಅಕ್ಕೋರ, ನಾ ಎಲ್ಲಿ ನಿಂತ್ರ ಛಲೋ?" ಎಂದು ಒಂದು ದಿನ ಹುಡುಗಿಯೇ ಬಂದು ಕೇಳಿದಳು. ನಾನು ಕಣಕ್ಕೆ ಕರೆದುಕೊಂಡು ಹೋಗಿ, ಸುಣ್ಣದಿಂದ ಗೆರೆ ಹಾಕಿ, ಯಾರು ಎಲ್ಲಿ ಎಂದು ತೋರಿಸತೊಡಗಿದೆ. ಅಧ್ಯಕ್ಷರು ಬಂದು ನೋಡಿ ಬಿಳಿಚಿಕೊಂಡರು.

"ಏನ್ ಮಾಡಾಕತ್ತೀರಿ ಅಕ್ಕೋರ? ಹುಡುಗೂರ ಹಾಳಾಗ್ತಾವಲ್ರಿ!"

"ಅವರೀಗ ಎಂಟು ವರ್ಷದವರಲ್ರಿ ಅಧ್ಯಕ್ಷರ. ಹನ್ನೆರಡಾತು. ಗುರಿ ಬದಲಾತು."

"ಅವತ್ತ ನೀವ ಅಲ್ಲೇನ್ರಿ ಹೇಳಿದ್ದು, ಗೆರಿ ಬ್ಯಾಡ, ಲೆಕ್ಕ ಬ್ಯಾಡ ಅಂತ?"

ನನ್ನ ಮಾತುಗಳನ್ನೇ ನನಗೆ ಒಂದೂ ಬಿಡದೆ ಒಪ್ಪಿಸಿದರು. ಮಕ್ಕಳು ವರ್ಷಕ್ಕೊಂದು ಇಯತ್ತೆ ದಾಟಿದ್ದರು. ನನ್ನ ಶಿಷ್ಯರಲ್ಲಿ ಎಲ್ಲರಿಗಿಂತ ನಿಷ್ಠರಾದವರು ಮಾತ್ರ ಮೂರನೇ ಇಯತ್ತೆಯಲ್ಲೇ ಉಳಿದಿದ್ದರು.

ಆ ಚಳಿಗಾಲ ಅಣ್ಣಿಗೇರಿಯಲ್ಲಿ ಶಾಲೆಗಳ ಪಂದ್ಯಗಳು ನಡೆದವು. ಕೊನೆಯ ಪಂದ್ಯದಲ್ಲಿ ನಮ್ಮೆದುರಿಗೆ ಬಂದದ್ದು ಅದೇ ಕಿತ್ತಳೆ ಅಂಗಿಯವರು. ಎತ್ತರದ ಹುಡುಗನೂ ಇದ್ದ. ಉಳಿದವರು ಅವನಷ್ಟೇ ಎತ್ತರವಾಗಿದ್ದರಿಂದ ಈಗ ಅವನು ಎತ್ತರದವನಲ್ಲ. ನಮ್ಮ ಹುಡುಗಿ ನಡುವಿನಲ್ಲಿ ಆಡಿದಳು. ಚೆಂಡು ಬಂದರೆ ಈಗಲೂ ಇಬ್ಬರನ್ನು ದಾಟುತ್ತಿದ್ದಳು. ಮೂರನೆಯವನು ಬರುವಷ್ಟರಲ್ಲಿ ಚೆಂಡು ಬೇರೆಯವರ ಕಾಲಲ್ಲಿರುತ್ತಿತ್ತು. ಅಧ್ಯಕ್ಷರ ಮೊಮ್ಮಗ ಬದಿಯಲ್ಲಿ ಓಡುತ್ತಿದ್ದ. ಅವರದು ಒಂದು, ನಮ್ಮದು ಒಂದು. ಆಟ ಮುಗಿಯಲು ಬಂದಿತ್ತು.

ನಾನು ಕುರ್ಚಿಯ ಮೇಲೆ ಕೂತಿದ್ದೆ ಎಂದು ನನ್ನ ನೆನಪು. ನಿಂತಿದ್ದೆನೆಂದು, ಅಷ್ಟೇ ಅಲ್ಲ, ಗೆರೆ ದಾಟಿ ಒಳಗೆ ಹೋಗಿದ್ದೆನೆಂದು ಆಮೇಲೆ ಜನ ಹೇಳಿದರು. "ಒದಿ! ಎಡಕ್ಕ ಕೊಡು! ಒದಿಯಲಾ!" ಎಂದು ಕೂಗುತ್ತಿದ್ದವಳೂ ನಾನೇ ಅಂತೆ. ಯಾರೋ ನನ್ನ ಸೆರಗು ಜಗ್ಗಿದರು. ತಿರುಗಿದರೆ ಅಧ್ಯಕ್ಷರು, ಕೈಯಲ್ಲಿ ಶೇಂಗಾದ ಚೀಲ.

"ಸುಮ್ನಿರ್ರಿ ಅಕ್ಕೋರ. ಹಿಂಗ ಒದರಿದ್ರ ಹುಡುಗೂರು ವಿಚಾರ ಮಾಡೂದು ಹ್ಯಾಂಗ? ತುಗೋರಿ, ತಿನ್ರಿ."

ನನ್ನ ಬಾಯಲ್ಲಿ ಶೇಂಗಾ ಇದ್ದಾಗಲೇ ಹುಡುಗಿ ಚೆಂಡನ್ನು ಬದಿಗೆ ತಳ್ಳಿದಳು, ಮೊಮ್ಮಗ ಒದ್ದ. ಈ ಸಲ ಕಾಲಿಗೆ ಚೆಂಡು ತಾಗಿತು. ಬಲೆ ಅಲುಗಿತು. ಶೇಂಗಾ ಗಂಟಲಲ್ಲಿ ಸಿಕ್ಕು ನಾನು ಕೆಮ್ಮುತ್ತ ಕುಣಿದೆ.

ಬಹುಮಾನ ಕೊಡುವಾಗ ಆಯೋಜಕರು, ಹಿರಿಯರೆಂದು ಗೌರವದಿಂದ, ಕಪ್ಪು ಸ್ವೀಕರಿಸಲು ಅಧ್ಯಕ್ಷರನ್ನೇ ವೇದಿಕೆಗೆ ಕರೆದರು. ಅವರು ಟೋಪಿ ಸರಿಮಾಡಿಕೊಂಡು ಹತ್ತಿದರು. ಮೈಕು ಕೈಗೆ ತೆಗೆದುಕೊಂಡರು.

"ನಮ್ಮ ಸಾಲ್ಯಾಗ ಗೆಲ್ಲೂದು, ಸೋಲೂದು ಅಂತ ಲೆಕ್ಕ ಇಡೂದಿಲ್ರಿ. ಹುಡುಗೂರು ಖುಷಿಯಿಂದ ಆಡ್ಯಾವ, ನಮಗ ಅಷ್ಟ ಸಾಕು. ಕಪ್ಪು ನಿಮ್ಮ ಹತ್ರನ ಇರಲಿ."

ಕಿತ್ತಳೆ ಅಂಗಿಯ ಕೋಚ್ ಆಸೆಯಿಂದ ಕುತ್ತಿಗೆ ಉದ್ದ ಮಾಡಿದ. ನಮ್ಮ ಮಕ್ಕಳು ನನ್ನ ಮುಖ ನೋಡಿದರು. ಅಧ್ಯಕ್ಷರು ಹೇಳುತ್ತಿದ್ದದ್ದು ನನ್ನದೇ ಪಾಠ. ಅಷ್ಟರಲ್ಲಿ ಹುಡುಗಿ ಸಾಲಿನಿಂದ ಹೊರಬಂದು, ಮಣ್ಣುಗಾಲಲ್ಲೇ ವೇದಿಕೆ ಹತ್ತಿದಳು. ಮೈಕು ಇನ್ನೂ ಅಧ್ಯಕ್ಷರ ಕೈಯಲ್ಲಿತ್ತು, ಹೀಗಾಗಿ ಇಬ್ಬರ ಮಾತೂ ಎಲ್ಲರಿಗೂ ಕೇಳಿಸಿತು.

"ಅಜ್ಜಾರ, ಕಪ್ಪು ನಮಗ ಬೇಕ್ರಿ."

"ಯಾಕ ಬೇಕವಾ?"

"ಗೆದ್ದೇವಲ್ರಿ."

"ಗೆದ್ದೇವಿ ಅಂತ ನಿಮಗ ಯಾರ ಹೇಳಿದ್ರು?" ಅಧ್ಯಕ್ಷರು ನನ್ನ ಕಡೆ ಕಣ್ಣು ಕೆಂಪು ಮಾಡಿದರು.

"ಯಾರೂ ಹೇಳಿಲ್ರಿ. ನಾವ ಎಣಿಸೇವಿ. ಯಾವಾಗ್ಲೂ ಎಣಿಸ್ತಿದ್ವಿ."

"ಯಾವಾಗ್ಲೂ ಅಂದ್ರ? ಸಣ್ಣವರಿದ್ದಾಗ?"

"ಹೂನ್ರಿ. ಇವರ ಸಾಲಿಗೆ ಬಂದಿದ್ವಲ್ರಿ, ಅವತ್ತ ಒಂಬತ್ತು ಸೊನ್ನಿ."

ಅಧ್ಯಕ್ಷರ ಮುಖದಲ್ಲಿ ನಾಲ್ಕು ವರ್ಷಗಳ ಶೇಂಗಾ ಒಮ್ಮೆಲೇ ಹಾದುಹೋದಂತಾಯಿತು. ಅವರು ಮೈಕು ಕೆಳಗಿಳಿಸಿ ಕೇಳಿದರು. ಮುಂದೆ ನಿಂತಿದ್ದ ನನಗೆ ಮಾತ್ರ ಕೇಳಿಸಿತು.

"ಮತ್ತ ಅವತ್ತ ನೀ ಅಳಲಿಲ್ಲಲ್ಲ?"

ಹುಡುಗಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಯಾಕ ಅಳೂದ್ರಿ? ಅವತ್ತ ಚಂಡ ನನ್ನ ಹತ್ರನ ಇತ್ತಲ್ರಿ."

ಅಧ್ಯಕ್ಷರು ಕಪ್ಪನ್ನು ಆಯೋಜಕರಿಂದ ತೆಗೆದುಕೊಂಡು, ನೇರ ಅವಳ ಕೈಗೆ ಕೊಟ್ಟು, ವೇದಿಕೆಯಿಂದ ಇಳಿದು ಬಂದರು. ನನ್ನ ಬಳಿ ನಿಂತು, "ಅಕ್ಕೋರ, ನಾವಿಬ್ಬರ ಅಷ್ಟ ಎಣಿಸಿದ್ದಿಲ್ಲೇನ ಹಂಗಾರ?" ಎಂದರು. ನನಗೆ ನಗು ಬಂತು. ಅವರಿಗೂ ಬಂತು, ತಡವಾಗಿ.

ಊರಿಗೆ ಮರಳುವಾಗ ಗಾಡಿಯಲ್ಲಿ ಕಪ್ಪು ಯಾರ ತೊಡೆಯ ಮೇಲಿರಬೇಕೆಂದು ದೊಡ್ಡ ಜಗಳವಾಯಿತು. ಕಪ್ಪಿನ ಮುಚ್ಚಳ ಕುಬಿಹಾಳದ ಕ್ರಾಸಿನ ಬಳಿ ಎಲ್ಲೋ ಬಿದ್ದುಹೋಯಿತು. ಹುಡುಗಿಯ ತಾಯಿ ಮನೆ ಬಾಗಿಲಲ್ಲಿ ಕಾಯುತ್ತಿದ್ದಳು. ಮಗಳ ಮಣ್ಣುಗಾಲು ನೋಡಿ ಮೊದಲು ಬೈದಳು, ಆಮೇಲೆ ಕಪ್ಪು ನೋಡಿದಳು, ಆಮೇಲೆ ಮಣ್ಣುಗಾಲಿಗೆ ತಾನೇ ನೀರು ಹಾಕಿದಳು.

ಹುಡುಗಿ ಈಗ ಕುಂದಗೋಳದ ಹೈಸ್ಕೂಲಿನಲ್ಲಿ ಓದುತ್ತಿದ್ದಾಳೆ. ಅಲ್ಲಿ ಹುಡುಗಿಯರ ತಂಡ ಇರಲಿಲ್ಲ. ಹುಡುಗರ ಜೊತೆ ಆಡಿ, ನಾಲ್ಕಾರು ಗೆಳತಿಯರನ್ನು ಕೂಡಿಸಿ, ಈಗ ಒಂದು ತಂಡ ಮಾಡಿದ್ದಾಳೆ. ಒಮ್ಮೆ ಬಸ್ಸಿನಲ್ಲಿ ಸಿಕ್ಕಾಗ ಎಲ್ಲಿ ಆಡುತ್ತೀ ಎಂದು ಕೇಳಿದೆ. "ಬ್ಯಾಕ್ ಆಡ್ತೀನ್ರಿ," ಎಂದಳು. ನಾನು ನಂಬಲಿಲ್ಲ. "ಅಲ್ಲಿಂದ ಎಲ್ಲಾ ಕಾಣತೈತ್ರಿ ಅಕ್ಕೋರ," ಎಂದು ನನಗೇ ವಿವರಿಸಿದಳು.

ಅಧ್ಯಕ್ಷರ ಮೊಮ್ಮಗ ಮಾತ್ರ ಕಪ್ಪು ಗೆದ್ದ ಮರುತಿಂಗಳೇ ಫುಟ್‌ಬಾಲ್ ಬಿಟ್ಟ. ಜಗಳವಿಲ್ಲ, ಬೇಸರವಿಲ್ಲ. ಆಡಿದೆ, ಗೆದ್ದೆ, ಸಾಕು ಎಂದನಂತೆ. ಈಗ ವಾರಕ್ಕೆರಡು ಸಲ ಮಠದಲ್ಲಿ ತಬಲಾ ಕಲಿಯಲು ಹೋಗುತ್ತಾನೆ. ಅಧ್ಯಕ್ಷರು ಒಂದು ಬೆಳಿಗ್ಗೆ ವಿಭೂತಿ ಆರುವ ಮೊದಲೇ ನನ್ನ ಮನೆ ಬಾಗಿಲಿಗೆ ಬಂದರು.

"ಅಕ್ಕೋರ, ಹದಿಮೂರು ವರ್ಷದವರಿಗೆ ತಬಲಾದಾಗ ಏನ್ ಗುರಿ ಇರತೈತ್ರಿ?"

"ನನಗ ಗೊತ್ತಿಲ್ರಿ ಅಧ್ಯಕ್ಷರ. ನಾ ಖೋಖೋದಾಕಿ."

ಅವರು ತಬಲಾ ಮಾಸ್ತರರನ್ನೇ ಕೇಳುತ್ತೇನೆಂದು ಹೋದರು. ಕೇಳಿದರಂತೆ. ಮಾಸ್ತರರು ಬಾರಿಸುವ ಕೈ ನಿಲ್ಲಿಸದೆ, "ಹಿರಿಯಾರ, ನೀವು ಹೊರಗ ಕುಂದರ್ರಿ," ಎಂದರಂತೆ. ಈಗ ಅವರು ಮಠದ ಜಗಲಿಯ ಮೇಲೆ ಕೂತಿರುತ್ತಾರೆ. ತೊಡೆಯ ಮೇಲೆ ಬೆರಳು ಆಡಿಸುತ್ತಿರುತ್ತಾರೆ ಎಂದು ನೋಡಿದವರು ಹೇಳುತ್ತಾರೆ.